ಅವಳಿಗಳನ್ನ ಬಿಡಿಸಿದ ಮನುಷ್ಯ: ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್

ಮೂರು ವಸ್ತುಗಳನ್ನ ನೆನಪು ಮಾಡಿಕೊಳ್ಳಿ.

ಮೊದಲನೆಯದು ಹಾಸ್ಟೆಲ್ ಪಾರ್ಕಿಂಗಿನಲ್ಲಿ ನಿಂತಿರೋ ಎಲೆಕ್ಟ್ರಿಕ್ ಸ್ಕೂಟರ್. ಅದರ ಮೋಟಾರಿನ ಒಳಗೆ ಸಣ್ಣ ಸಣ್ಣ ಮ್ಯಾಗ್ನೆಟ್‌ಗಳಿರುತ್ತವೆ. ಅವುಗಳ ಮುಖ್ಯ ಧಾತುಗಳಲ್ಲೊಂದು ನಿಯೋಡಿಮಿಯಂ.

ಎರಡನೆಯದು ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬಿನ ಸ್ಪಾರ್ಕ್ ಲೈಟರ್. ಗ್ಯಾಸ್ ವೆಲ್ಡಿಂಗ್ ಟಾರ್ಚ್ ಹಚ್ಚೋಕೆ ಚರ್ರ್ ಅಂತ ಒತ್ತಿದ ತಕ್ಷಣ ಕಿಡಿ ಹಾರುತ್ತಲ್ಲ, ಆ ಕಿಡಿ ಕೊಡೋದು ಅದರೊಳಗಿನ ಸಣ್ಣ ಕಲ್ಲು.

ಮೂರನೆಯದನ್ನ ನಾವ್ಯಾರೂ ಹೆಚ್ಚು ನೋಡಿರಲ್ಲ, ಮನೆಯಲ್ಲಿ ಅಜ್ಜನನ್ನ ಕೇಳಬೇಕು. ಊರಿಗೆ ಕರೆಂಟ್ ಬರೋ ಮುಂಚೆ ಯಕ್ಷಗಾನದ ಬಯಲಾಟಕ್ಕೆ, ಮದುವೆ ಚಪ್ಪರಕ್ಕೆ, ಮೆರವಣಿಗೆಗೆ ಬುಸ್ಸ್ ಅಂತ ಸದ್ದು ಮಾಡುತ್ತಾ ಉರಿಯುತ್ತಿದ್ದ ಗ್ಯಾಸ್‌ಲೈಟ್. ಅದರ ಗಾಜಿನೊಳಗೆ ಬಟ್ಟೆಯ ಪುಟ್ಟ ಚೀಲದ ಹಾಗೆ ಮ್ಯಾಂಟಲ್ ಇರುತ್ತಿತ್ತು. ಒಮ್ಮೆ ಉರಿದ ಮೇಲೆ ಬೆರಳು ತಾಗಿದರೂ ಪುಡಿಪುಡಿ.

ಈ ಮೂರರ ಹಿಂದೆಯೂ ಒಬ್ಬನೇ ಮನುಷ್ಯ ಇದ್ದಾರೆ. ಮ್ಯಾಂಟಲ್ ಮತ್ತು ಲೈಟರ್ ಕಲ್ಲು ಅವರದೇ ಆವಿಷ್ಕಾರ. ನಿಯೋಡಿಮಿಯಂ ಅವರೇ ಕಂಡುಹಿಡಿದ ಧಾತು. ಆಸ್ಟ್ರಿಯಾ ದೇಶದ ರಸಾಯನ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ಆಸ್ಟ್ರಿಯಾದವರು 1956ರ 20 ಶಿಲ್ಲಿಂಗ್ ನೋಟಿನ ಮೇಲೆ ಇವರ ಚಿತ್ರ ಅಚ್ಚು ಹಾಕಿದ್ದರು. ನಮ್ಮ ಕೆಮಿಸ್ಟ್ರಿ ಪುಸ್ತಕದಲ್ಲಿ ಇವರಿಗೆ ಸಿಗೋದು ಹೆಚ್ಚೆಂದರೆ ಒಂದು ಸಾಲು.

ಇವತ್ತು ಗಾಳಿ ವಿದ್ಯುತ್ತು, ಎಲೆಕ್ಟ್ರಿಕ್ ಗಾಡಿ ಅಂತ ಮಾತು ಶುರುವಾದರೆ ಹಿಂದೆಯೇ ರೇರ್ ಅರ್ಥ್ ಅನ್ನೋ ಪದ ಬರುತ್ತೆ. ಯಾವ ದೇಶದಲ್ಲಿ ಎಷ್ಟಿದೆ, ಯಾರು ಯಾರಿಗೆ ಕೊಡೋದು ನಿಲ್ಲಿಸಿದರು ಅಂತ ಪೇಪರಿನಲ್ಲಿ ಓದ್ತೀವಿ. ಆದರೆ ಈ ವ್ಯಾಪಾರದ ಲೆಕ್ಕಾಚಾರ ಹೊಸದಲ್ಲ. ಅದರ ಲಾಭ, ನಷ್ಟ, ರಾಜಕೀಯ ಎಲ್ಲವನ್ನೂ ನೂರು ವರ್ಷ ಹಿಂದೆ ಒಬ್ಬರೇ ಅನುಭವಿಸಿದ್ದರು. ಅದಕ್ಕೇ ಅವರ ಕಥೆ.

ಅಚ್ಚುಕೂಟದ ಮನೆಯ ಹುಡುಗ

ಕಾರ್ಲ್ ಹುಟ್ಟಿದ್ದು 1858ರ ಸೆಪ್ಟೆಂಬರ್ 1ರಂದು, ವಿಯೆನ್ನಾದಲ್ಲಿ. ತಂದೆ ಅಲೋಯಿಸ್ ಔವರ್ ಚಕ್ರವರ್ತಿಯ ಸರ್ಕಾರಿ ಮುದ್ರಣಾಲಯದ ನಿರ್ದೇಶಕರು. ಅವರೂ ಸುಮ್ಮನೆ ಕೂರುವ ಜಾತಿಯಲ್ಲ. ನಿಜವಾದ ಎಲೆಯನ್ನೇ ಮೆತ್ತನೆಯ ಸೀಸದ ತಗಡಿಗೆ ಒತ್ತಿ, ಅದರ ಒಂದೊಂದು ನರವೂ ಕಾಣುವ ಹಾಗೆ ಕಾಗದದ ಮೇಲೆ ಅಚ್ಚು ತೆಗೆಯುವ ವಿಧಾನವನ್ನ ಬೆಳೆಸಿದವರು. 1860ರಲ್ಲಿ ಚಕ್ರವರ್ತಿ ಅವರಿಗೆ ಗೌರವ ಪದವಿ ಕೊಟ್ಟಾಗ ಹೆಸರಿನ ಹಿಂದೆ ಫಾನ್ ವೆಲ್ಸ್‌ಬಾಖ್ ಸೇರಿಕೊಂಡಿತು.

ಕಾರ್ಲ್‌ಗೆ ಹನ್ನೊಂದು ತುಂಬುವ ಮೊದಲೇ, 1869ರಲ್ಲಿ, ತಂದೆ ತೀರಿಕೊಂಡರು. ಹುಡುಗ ಶಾಲೆ ಮುಗಿಸಿ, ಸ್ವಲ್ಪ ಕಾಲ ಸೈನ್ಯದಲ್ಲಿದ್ದು, ಆಮೇಲೆ ವಿಯೆನ್ನಾದಲ್ಲಿ ಓದು ಶುರು ಮಾಡಿದ. 1880ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋದ. ಅಲ್ಲಿದ್ದ ಮೇಷ್ಟ್ರು ರಾಬರ್ಟ್ ಬುನ್ಸೆನ್. ಹೌದು, ನಮ್ಮ ಲ್ಯಾಬಿನ ಬುನ್ಸೆನ್ ಬರ್ನರಿನ ಬುನ್ಸೆನ್ ಅವರೇ.

ಬುನ್ಸೆನ್ ಮತ್ತು ಕಿರ್ಖಾಫ್ ಸೇರಿ ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಸ್ಪೆಕ್ಟ್ರೋಸ್ಕೋಪನ್ನ ರಸಾಯನಶಾಸ್ತ್ರದ ಆಯುಧ ಮಾಡಿದ್ದರು. ಯಾವುದೇ ಲವಣವನ್ನ ಜ್ವಾಲೆಯಲ್ಲಿ ಹಿಡಿದರೆ ಬರುವ ಬೆಳಕಿನ ಗೆರೆಗಳನ್ನ ನೋಡಿ ಅದರಲ್ಲಿ ಯಾವ ಧಾತು ಇದೆ ಅಂತ ಹೇಳಬಹುದಿತ್ತು. ಈ ವಿದ್ಯೆಯನ್ನ ಕಾರ್ಲ್ ಪೂರ್ತಿ ಕಲಿತರು. ಜೊತೆಗೆ ರೇರ್ ಅರ್ಥ್‌ಗಳ ಹುಚ್ಚೂ ಹಿಡಿಯಿತು. 1882ರಲ್ಲಿ ಡಾಕ್ಟರೇಟ್ ಪಡೆದು ವಿಯೆನ್ನಾಗೆ ವಾಪಸ್ ಬಂದು, ಪ್ರೊಫೆಸರ್ ಲೀಬೆನ್ ಅವರ ಲ್ಯಾಬಿನಲ್ಲಿ ಸಂಬಳ ಇಲ್ಲದ ಸಹಾಯಕರಾಗಿ ಸೇರಿಕೊಂಡರು.

ಒಂದು ಅಂತ ತಿಳಿದಿದ್ದು ಎರಡಾಯಿತು

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಬೇಕು, ಬೇಜಾರು ಮಾಡ್ಕೋಬೇಡಿ. ರೇರ್ ಅರ್ಥ್ ಅನ್ನೋ ಹೆಸರೇ ದಾರಿ ತಪ್ಪಿಸೋ ಹೆಸರು. ಅವು ಅಷ್ಟೇನೂ ಅಪರೂಪ ಅಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚೂಕಡಿಮೆ ತಾಮ್ರದಷ್ಟೇ ಇದೆ. ನಿಯೋಡಿಮಿಯಂ ಸೀಸಕ್ಕಿಂತ ಜಾಸ್ತಿ ಇದೆ. ಕಷ್ಟ ಇರೋದು ಬೇರೆ ಕಡೆ. ಇವೆಲ್ಲ ಒಂದೇ ಖನಿಜದಲ್ಲಿ ಒಟ್ಟಿಗೆ ವಾಸ ಮಾಡ್ತವೆ, ಮತ್ತು ಒಂದರ ಗುಣ ಇನ್ನೊಂದರ ಗುಣದಷ್ಟೇ. ಹೊರಗಿನ ಎಲೆಕ್ಟ್ರಾನುಗಳ ಜೋಡಣೆ ಒಂದೇ ಥರ ಇದ್ದು, ಬದಲಾವಣೆ ಎಲ್ಲ ಒಳಗಿನ 4ಎಫ್ ಕಕ್ಷೆಯಲ್ಲಿ ನಡೆಯೋದರಿಂದ ಹೀಗೆ. ಪ್ರೇಸಿಯೋಡಿಮಿಯಂ ಮತ್ತು ನಿಯೋಡಿಮಿಯಂ ಅಯಾನುಗಳ ಗಾತ್ರದ ವ್ಯತ್ಯಾಸ ಶೇ. 1ಕ್ಕಿಂತಲೂ ಕಡಿಮೆ. ಇವನ್ನ ಬೇರೆ ಮಾಡೋದು ಅಂದ್ರೆ ಒಂದೇ ಮುಖದ ಅವಳಿಗಳನ್ನ ಕತ್ತಲಲ್ಲಿ ಗುರುತಿಸಿದ ಹಾಗೆ.

ಅವಳಿ ಅನ್ನೋ ಮಾತು ಸುಮ್ಮನೆ ಬಂದಿದ್ದಲ್ಲ. 1841ರಲ್ಲಿ ಸ್ವೀಡನ್ನಿನ ಮೊಸಾಂಡರ್ ಒಂದು ಹೊಸ ಧಾತು ಸಿಕ್ಕಿತು ಅಂತ ಹೇಳಿ, ಅದು ಲ್ಯಾಂಥನಂ ಜೊತೆ ಯಾವಾಗಲೂ ಅಂಟಿಕೊಂಡೇ ಇರೋದರಿಂದ ಗ್ರೀಕ್ ಭಾಷೆಯಲ್ಲಿ ಅವಳಿ ಅನ್ನೋ ಅರ್ಥದ ಡಿಡಿಮಿಯಂ ಅಂತ ಹೆಸರಿಟ್ಟಿದ್ದರು. ನಲವತ್ತು ವರ್ಷ ಅದು ಧಾತುಗಳ ಪಟ್ಟಿಯಲ್ಲೇ ಇತ್ತು. ಇದರೊಳಗೆ ಇನ್ನೇನೋ ಇದೆ ಅನ್ನೋ ಅನುಮಾನ ಕೆಲವರಿಗೆ ಇತ್ತು. ಆದರೆ ಬಿಡಿಸಿ ತೋರಿಸಿದವರು ಯಾರೂ ಇರಲಿಲ್ಲ.

ಕಾರ್ಲ್ ಹಿಡಿದ ದಾರಿ ಹೇಳೋಕೆ ತುಂಬಾ ಸುಲಭ. ಡಿಡಿಮಿಯಂ ಅನ್ನ ಅಮೋನಿಯಂ ನೈಟ್ರೇಟ್ ಜೊತೆ ಸೇರಿಸಿ ಜೋಡಿ ಲವಣ ಮಾಡೋದು, ನೀರಿನಲ್ಲಿ ಕರಗಿಸೋದು, ನಿಧಾನವಾಗಿ ಹರಳುಗಟ್ಟಿಸೋದು. ಒಂದು ಧಾತುವಿನ ಲವಣ ಸ್ವಲ್ಪವೇ ಸ್ವಲ್ಪ ಬೇಗ ಹರಳಾಗುತ್ತೆ, ಇನ್ನೊಂದು ದ್ರಾವಣದಲ್ಲಿ ಸ್ವಲ್ಪ ಜಾಸ್ತಿ ಉಳಿಯುತ್ತೆ. ಹರಳನ್ನ ಬೇರೆ ತೆಗೆದು ಮತ್ತೆ ಕರಗಿಸಬೇಕು, ಮತ್ತೆ ಹರಳುಗಟ್ಟಿಸಬೇಕು. ಹತ್ತು ಸಲ ಮಾಡಿದರೆ ಏನೂ ಕಾಣಲ್ಲ. ಇದನ್ನ ದಿನಗಟ್ಟಲೆ, ತಿಂಗಳುಗಟ್ಟಲೆ ಮಾಡಿ, ಪ್ರತಿ ಹಂತದಲ್ಲೂ ಸ್ಪೆಕ್ಟ್ರೋಸ್ಕೋಪಿನಲ್ಲಿ ಗೆರೆಗಳನ್ನ ನೋಡುತ್ತಾ ಕೂತರು.

ಕೊನೆಗೆ ಒಂದು ಕಡೆಯ ಬಟ್ಟಲಲ್ಲಿ ಹಸಿರು ಲವಣ, ಇನ್ನೊಂದು ಕಡೆಯ ಬಟ್ಟಲಲ್ಲಿ ನೇರಳೆ ಛಾಯೆಯ ಗುಲಾಬಿ ಲವಣ. 1885ರ ಜೂನ್ 18ರಂದು ವಿಯೆನ್ನಾದ ವಿಜ್ಞಾನ ಅಕಾಡೆಮಿಯ ಮುಂದೆ ಫಲಿತಾಂಶ ಇಟ್ಟರು. ಡಿಡಿಮಿಯಂ ಧಾತುವೇ ಅಲ್ಲ, ಅದರಲ್ಲಿ ಎರಡು ಧಾತುಗಳಿವೆ. ಹಸಿರು ಅವಳಿಗೆ ಪ್ರೇಸಿಯೋಡಿಮಿಯಂ, ಹೊಸ ಅವಳಿಗೆ ನಿಯೋಡಿಮಿಯಂ. ಆಗ ಕಾರ್ಲ್‌ಗೆ ಇನ್ನೂ 26 ವರ್ಷ. ಅನುಮಾನ ಪಟ್ಟವರು ಇದ್ದರು, ಆದರೆ ಹಳೆಯ ಗುರು ಬುನ್ಸೆನ್ ಒಪ್ಪಿಕೊಂಡರು.

ಅವತ್ತು ನಿಯೋಡಿಮಿಯಂನ ಮಾರ್ಕೆಟ್ ಬೆಲೆ ಎಷ್ಟಿತ್ತು ಅಂತ ಯಾರಾದರೂ ಕೇಳಿದ್ದರೆ ಉತ್ತರವೇ ಇರಲಿಲ್ಲ, ಯಾಕಂದ್ರೆ ಮಾರ್ಕೆಟ್ಟೇ ಇರಲಿಲ್ಲ. ಅದರಿಂದ ಏನು ಮಾಡಬಹುದು ಅಂತ ಯಾರಿಗೂ ಗೊತ್ತಿರಲಿಲ್ಲ.

ಬೂದಿಯಿಂದ ಬೆಳಕು, ಮತ್ತೆ ದಿವಾಳಿ

ಇದೇ ಕೆಲಸದ ನಡುವೆ ಕಾರ್ಲ್ ಇನ್ನೊಂದನ್ನ ಗಮನಿಸಿದ್ದರು. ಜ್ವಾಲೆಯಲ್ಲಿ ಲವಣದ ಬೆಳಕು ಹೆಚ್ಚು ಹೊತ್ತು ನಿಲ್ಲಲಿ ಅಂತ ಹತ್ತಿ ನೂಲನ್ನ ದ್ರಾವಣದಲ್ಲಿ ಅದ್ದಿ ಉರಿಸುತ್ತಿದ್ದರು. ನೂಲು ಸುಟ್ಟುಹೋದರೂ ಅದರ ಆಕಾರದಲ್ಲೇ ಆಕ್ಸೈಡಿನ ಬೂದಿ ಉಳಿಯುತ್ತಿತ್ತು. ಆ ಬೂದಿ ಜ್ವಾಲೆಯಲ್ಲಿ ಪ್ರಕಾಶಮಾನವಾಗಿ ಬೆಳಗುತ್ತಿತ್ತು.

ಆಗ ಯುರೋಪಿನ ನಗರಗಳಲ್ಲಿ ಬೀದಿ ದೀಪ ಉರಿಯುತ್ತಿದ್ದದ್ದು ಕಲ್ಲಿದ್ದಲ ಗ್ಯಾಸಿನಿಂದ. ಹಳದಿ ಮಂಕು ಬೆಳಕು, ಜೊತೆಗೆ ಮಸಿ. ಇನ್ನೊಂದು ಕಡೆ ಎಡಿಸನ್ ಅವರ ಬಲ್ಬ್ ಬಂದಾಗಿತ್ತು, ಗ್ಯಾಸ್ ಕಂಪನಿಗಳು ಹೆದರಿದ್ದವು. ಕಾರ್ಲ್ 1885ರಲ್ಲೇ ಪೇಟೆಂಟ್ ಮಾಡಿಸಿದರು. ಮೆಗ್ನೀಷಿಯಂ, ಲ್ಯಾಂಥನಂ, ಯಿಟ್ರಿಯಂ ಆಕ್ಸೈಡುಗಳ ಮಿಶ್ರಣದ ಮ್ಯಾಂಟಲ್. 1887ರಲ್ಲಿ ವಿಯೆನ್ನಾ ಹತ್ತಿರದ ಆಟ್ಸ್‌ಗರ್ಸ್‌ಡಾರ್ಫ್‌ನಲ್ಲಿ ಕಾರ್ಖಾನೆ ಶುರುವಾಯಿತು.

ಅದು ಫೇಲ್ ಆಯಿತು. ಬೆಳಕಿಗೆ ಹಸಿರು ಛಾಯೆ, ಅದರಲ್ಲಿ ಮನುಷ್ಯರ ಮುಖ ಕಳೆಗುಂದಿ ಕಾಣುತ್ತಿತ್ತು. ಮ್ಯಾಂಟಲ್ ಬೇಗ ಮುರಿಯುತ್ತಿತ್ತು, ಬೆಲೆಯೂ ಜಾಸ್ತಿ. 1889ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಸ್ಟಾರ್ಟಪ್ ಮುಚ್ಚಿದ ಮೇಲೆ ಬಹಳ ಜನ ಬೇರೆ ಕೆಲಸ ಹುಡುಕ್ತಾರೆ. ಕಾರ್ಲ್ ವಾಪಸ್ ಲ್ಯಾಬಿಗೆ ಹೋದರು. ಸಹಾಯಕ ಲುಡ್‌ವಿಗ್ ಹೈಟಿಂಗರ್ ಜೊತೆ ಕೂತು ಒಂದೊಂದೇ ಆಕ್ಸೈಡನ್ನ ಮತ್ತೆ ಪರೀಕ್ಷಿಸಿದರು. ಥೋರಿಯಂ ಆಕ್ಸೈಡ್ ಚೆನ್ನಾಗಿ ಬೆಳಗುತ್ತಿತ್ತು. ಆದರೆ ವಿಚಿತ್ರ ನೋಡಿ, ಥೋರಿಯಂ ಅನ್ನ ಹೆಚ್ಚು ಹೆಚ್ಚು ಶುದ್ಧ ಮಾಡಿದಷ್ಟೂ ಬೆಳಕು ಕಡಿಮೆ ಆಗುತ್ತಾ ಹೋಯಿತು. ಹಾಗಾದ್ರೆ ಬೆಳಕು ಕೊಡ್ತಿದ್ದದ್ದು ಥೋರಿಯಂ ಅಲ್ಲ, ಅದರಲ್ಲಿದ್ದ ಕಲಬೆರಕೆ. ಹುಡುಕಿದಾಗ ಆ ಕಲಬೆರಕೆ ಸೀರಿಯಂ ಅಂತ ಗೊತ್ತಾಯಿತು. ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್. ಈ ಅಳತೆಯಲ್ಲಿ ಬಿಳಿಯ, ಜೋರಾದ ಬೆಳಕು ಬಂತು.

1891ರ ನವೆಂಬರ್ 4ರ ಸಂಜೆ ವಿಯೆನ್ನಾದ ಒಪೇರಾ ಕೆಫೆಯ ಹೊರಗೆ ಹೊಸ ಮ್ಯಾಂಟಲಿನ ದೀಪ ಹಚ್ಚಿದರು. ಅಷ್ಟೇ ಗ್ಯಾಸಿಗೆ ಹಲವು ಪಟ್ಟು ಬೆಳಕು. ಸಾಯೋ ಹಾಗಿದ್ದ ಗ್ಯಾಸ್ ದೀಪದ ಉದ್ಯಮಕ್ಕೆ ಮತ್ತೆ ಕೆಲವು ದಶಕಗಳ ಆಯುಸ್ಸು ಸಿಕ್ಕಿತು. ಮ್ಯಾಂಟಲ್ ಲೋಕವೆಲ್ಲ ಸುತ್ತಿ, ಮುಂದೆ ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್ ದೀಪದೊಳಗೆ ಕೂತು ನಮ್ಮ ಬಯಲಾಟದ ರಂಗಸ್ಥಳಕ್ಕೂ ಬಂತು.

ಮರಳಿಗೆ ಬಂದ ಬೆಲೆ

ಕೋಟಿಗಟ್ಟಲೆ ಮ್ಯಾಂಟಲ್ ಮಾಡಬೇಕಾದರೆ ಥೋರಿಯಂ ಬೇಕಲ್ಲ? ಶುರುವಿನಲ್ಲಿ ಸ್ಕ್ಯಾಂಡಿನೇವಿಯಾದ ಕೆಲವು ಅಪರೂಪದ ಖನಿಜಗಳಿಂದ ತೆಗೆಯುತ್ತಿದ್ದರು, ಬೆಲೆ ಆಕಾಶದಲ್ಲಿತ್ತು. ಆ ಬೆಲೆಯೇ ಜನರನ್ನ ಹುಡುಕೋಕೆ ಹೊರಡಿಸಿತು. ಅಮೆರಿಕದ ಕೆರೊಲೈನಾದಲ್ಲಿ, ಆಮೇಲೆ ಬ್ರೆಜಿಲ್ ಕಡಲತೀರದಲ್ಲಿ ಮೊನಜೈಟ್ ಅನ್ನೋ ಭಾರವಾದ ಕಂದುಹಳದಿ ಮರಳು ಸಿಕ್ಕಿತು. ಪೂರೈಕೆ ಹೆಚ್ಚಿದ್ದೇ ತಡ, ಥೋರಿಯಂ ಲವಣದ ಬೆಲೆ ಕೆಲವೇ ವರ್ಷಗಳಲ್ಲಿ ಹತ್ತಾರು ಪಟ್ಟು ಕುಸಿಯಿತು. ದುಬಾರಿ ಖನಿಜದ ಮೇಲೆ ಹಣ ಹಾಕಿದ್ದವರು ಮುಳುಗಿದರು.

1909ರಲ್ಲಿ ಈ ಕಥೆ ಭಾರತಕ್ಕೆ ಬಂತು. ಷೋಂಬರ್ಗ್ ಅನ್ನೋ ಜರ್ಮನ್ ರಸಾಯನ ತಜ್ಞ ತಿರುವಾಂಕೂರು ಸಂಸ್ಥಾನದ ಕಡಲತೀರದಲ್ಲಿ ಮೊನಜೈಟ್ ಪತ್ತೆ ಮಾಡಿದ. ಅಲ್ಲಿಂದ ರಫ್ತಾಗುತ್ತಿದ್ದ ತೆಂಗಿನ ನಾರಿಗೆ ಅಂಟಿಕೊಂಡು ಹೋಗಿದ್ದ ಮರಳೇ ಇದರ ಸುಳಿವು ಕೊಟ್ಟಿತು ಅಂತ ಹೇಳ್ತಾರೆ. ಇವತ್ತು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿರೋ ಮಣವಾಳಕುರಿಚಿಯಲ್ಲಿ ಗಣಿಗಾರಿಕೆ ಶುರುವಾಯಿತು. ಬ್ರೆಜಿಲ್ ಮರಳಿಗಿಂತ ಇದರಲ್ಲಿ ಥೋರಿಯಂ ಹೆಚ್ಚು.

ಆ ಕಾಲದಲ್ಲಿ ಥೋರಿಯಂ ವ್ಯಾಪಾರ ಬಹುಪಾಲು ಜರ್ಮನ್ ಕಂಪನಿಗಳ ಕೈಯಲ್ಲಿತ್ತು. ಬ್ರಿಟಿಷರ ಆಳ್ವಿಕೆಯ ಕೆಳಗಿದ್ದ ಸಂಸ್ಥಾನದ ಮರಳು, ಬ್ರಿಟಿಷರ ಬೀದಿ ದೀಪಕ್ಕೆ ಬೇಕಾದ ಮ್ಯಾಂಟಲ್, ಆದರೆ ನಡುವೆ ಜರ್ಮನ್ನರ ಹಿಡಿತ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ತಿರುವಾಂಕೂರಿನ ಮರಳಿನ ಮೇಲಿದ್ದ ಜರ್ಮನ್ ಹಿಡಿತವನ್ನ ಕಿತ್ತು ತಮ್ಮ ಕೈಗೆ ತಗೊಂಡರು. ಒಂದು ಕಚ್ಚಾವಸ್ತು ಒಬ್ಬರದೇ ಕೈಯಲ್ಲಿ ಇದ್ದರೆ ಏನಾಗುತ್ತೆ ಅಂತ ಇವತ್ತು ನಾವು ಓದುವ ಸುದ್ದಿ ಇದೆಯಲ್ಲ, ಅದು ಆಗಲೇ ಒಂದು ಸಲ ನಡೆದುಹೋಗಿತ್ತು.

ತನ್ನದೇ ದೀಪಕ್ಕೆ ತಾನೇ ಪ್ರತಿಸ್ಪರ್ಧಿ

ಔವರ್ ಈಗ ಶ್ರೀಮಂತರು. ಗ್ಯಾಸ್ ದೀಪದ ಪೇಟೆಂಟಿನಿಂದ ಹಣ ಬರ್ತಾ ಇತ್ತು. ಆದರೆ ಮುಂದಿನ ಕಾಲ ಕರೆಂಟಿನದು ಅಂತ ಅವರಿಗೆ ಗೊತ್ತಿತ್ತು. ನಮ್ಮ ಬೆಂಗಳೂರಿನಲ್ಲೇ ನೋಡಿ, ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿ ದೀಪ ಹೊತ್ತಿತ್ತು.

ಎಡಿಸನ್ ಬಲ್ಬಿನ ಒಳಗೆ ಇದ್ದದ್ದು ಇಂಗಾಲದ ತಂತಿ. ಅದರ ಬದಲು ತುಂಬಾ ಹೆಚ್ಚಿನ ತಾಪದಲ್ಲಿ ಮಾತ್ರ ಕರಗುವ ಲೋಹ ಹಾಕಿದರೆ ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ಬರುತ್ತೆ ಅನ್ನೋದು ಔವರ್ ಲೆಕ್ಕ. 1898ರಲ್ಲಿ ಆಸ್ಮಿಯಂ ಲೋಹದ ತಂತಿಗೆ ಪೇಟೆಂಟ್ ಮಾಡಿಸಿದರು, 1902ರಲ್ಲಿ ದೀಪ ಮಾರುಕಟ್ಟೆಗೆ ಬಂತು. ಅದು ಲೋಹದ ತಂತಿಯ ಬಲ್ಬುಗಳಲ್ಲಿ ಮೊದಲನೆಯ ಸಾಲಿನದು. ಆದರೆ ಆಸ್ಮಿಯಂ ಸಿಗೋದೇ ಕಷ್ಟ, ಬೆಲೆ ವಿಪರೀತ, ತಂತಿಯೂ ಸೂಕ್ಷ್ಮ. ಸ್ವಲ್ಪ ವರ್ಷದಲ್ಲೇ ಟಂಗ್‌ಸ್ಟನ್ ಗೆದ್ದಿತು. ಆಸ್ಮಿಯಂನಿಂದ ಓಸ್, ಟಂಗ್‌ಸ್ಟನ್ನಿನ ಜರ್ಮನ್ ಹೆಸರಾದ ವೊಲ್‌ಫ್ರಾಮ್‌ನಿಂದ ರಾಮ್ ತಗೊಂಡು 1906ರಲ್ಲಿ ಬರ್ಲಿನ್‌ನ ಔವರ್ ಕಂಪನಿ ಒಂದು ಟ್ರೇಡ್‌ಮಾರ್ಕ್ ನೋಂದಾಯಿಸಿತು. ಅದೇ ಓಸ್ರಾಮ್. ಬಲ್ಬ್ ಡಬ್ಬಿಯ ಮೇಲೆ ಈ ಹೆಸರು ನೋಡಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೀವಿ.

ಕಸದ ಗುಡ್ಡೆ

ಇಲ್ಲಿಂದ ಕಥೆಯ ನನಗೆ ಅತ್ಯಂತ ಇಷ್ಟದ ಭಾಗ ಶುರು.

ಮೊನಜೈಟ್ ಮರಳಿನಲ್ಲಿ ಥೋರಿಯಂ ಇರೋದು ಸಾಮಾನ್ಯವಾಗಿ ಶೇ. 10ರ ಒಳಗೆ. ಅರ್ಧಕ್ಕಿಂತ ಹೆಚ್ಚು ಇರೋದು ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಮುಂತಾದ ರೇರ್ ಅರ್ಥ್‌ಗಳು. ಮ್ಯಾಂಟಲ್ ಕಾರ್ಖಾನೆಗೆ ಬೇಕಾದ್ದು ಥೋರಿಯಂ ಮತ್ತು ಒಂದು ಚಿಟಿಕೆ ಸೀರಿಯಂ. ಉಳಿದದ್ದೆಲ್ಲ ಕಸ. ಮ್ಯಾಂಟಲ್ ವ್ಯಾಪಾರ ಬೆಳೆದಷ್ಟೂ ಕಸದ ಗುಡ್ಡೆ ಬೆಳೆಯಿತು.

ಆ ಗುಡ್ಡೆಯನ್ನ ಔವರ್ ಬಿಡಲಿಲ್ಲ. ಅದರಿಂದ ಮಿಶ್ರ ಲೋಹ ತೆಗೆದು, ಶೇ. 30ರಷ್ಟು ಕಬ್ಬಿಣ ಬೆರೆಸಿದಾಗ, ಕೆರೆದರೆ ಬಿಸಿ ಕಿಡಿ ಉದುರುವ ವಸ್ತು ಸಿಕ್ಕಿತು. 1903ರಲ್ಲಿ ಪೇಟೆಂಟ್ ಆಯಿತು. ಆಸ್ಟ್ರಿಯಾದ ಕರಿಂಥಿಯಾ ಪ್ರಾಂತ್ಯದ ಟ್ರೈಬಾಖ್‌ನಲ್ಲಿ ಅವರೊಂದು ಹಳೆಯ ಕಬ್ಬಿಣದ ಕಾರ್ಖಾನೆಯ ಜಾಗ ಕೊಂಡಿದ್ದರು. ಅಲ್ಲೇ 1907ರಲ್ಲಿ ಕಂಪನಿ ಶುರುವಾಗಿ ಲೈಟರ್ ಕಲ್ಲುಗಳನ್ನ ತಯಾರಿಸತೊಡಗಿತು. ಜೇಬಿನ ಲೈಟರ್‌ಗೂ, ನಮ್ಮ ವರ್ಕ್‌ಶಾಪಿನ ಸ್ಪಾರ್ಕ್ ಲೈಟರ್‌ಗೂ ಮೂಲ ಇದೇ. ಆ ಕಂಪನಿ ಇವತ್ತಿಗೂ ಅದೇ ಊರಿನಲ್ಲಿ ನಡೀತಿದೆ.

ರೇರ್ ಅರ್ಥ್ ವ್ಯಾಪಾರದ ಒಳಗುಟ್ಟು ಇದರಲ್ಲೇ ಇದೆ. ಭೂಮಿ ನಮಗೆ ಬೇಕಾದ ಪ್ರಮಾಣದಲ್ಲಿ ಧಾತುಗಳನ್ನ ಕೊಡಲ್ಲ, ತನ್ನ ಲೆಕ್ಕದಲ್ಲಿ ಕೊಡುತ್ತೆ. ಒಂದಕ್ಕೆ ಗಿರಾಕಿ ಇದ್ದು ಉಳಿದ ಒಂಬತ್ತಕ್ಕೆ ಇಲ್ಲದಿದ್ದರೆ ಆ ಒಂದೇ ಧಾತು ಗಣಿಯ, ಆಸಿಡ್ಡಿನ, ಕಸ ವಿಲೇವಾರಿಯ ಖರ್ಚನ್ನೆಲ್ಲ ಹೊರಬೇಕು. ಉಳಿದದ್ದಕ್ಕೂ ಒಂದು ಕೆಲಸ ಹುಡುಕಿದವನು ಮಾತ್ರ ನಿಲ್ಲುತ್ತಾನೆ. ಇದನ್ನ ಈಗ ಈ ಕ್ಷೇತ್ರದವರು ಬ್ಯಾಲೆನ್ಸ್ ಸಮಸ್ಯೆ ಅಂತಾರೆ. ಔವರ್ ಅದನ್ನ ಕಾರ್ಖಾನೆಯ ಹಿತ್ತಲಲ್ಲೇ ಕಂಡಿದ್ದರು.

ಸೋತ ಒಂದು ಜಗಳ

ವ್ಯಾಪಾರದ ನಡುವೆಯೂ ಹರಳುಗಟ್ಟಿಸೋದು ನಿಲ್ಲಲಿಲ್ಲ. ಯಿಟರ್ಬಿಯಂ ಅನ್ನೋ ಧಾತು ಕೂಡ ಎರಡು ಧಾತುಗಳ ಮಿಶ್ರಣ ಅಂತ ಔವರ್ ಕಂಡುಕೊಂಡರು. ನಕ್ಷತ್ರ, ನಕ್ಷತ್ರಪುಂಜದ ಹೆಸರಿನಿಂದ ಅವಕ್ಕೆ ಆಲ್ಡೆಬರಾನಿಯಂ, ಕ್ಯಾಸಿಯೋಪಿಯಂ ಅಂತ ಹೆಸರಿಟ್ಟರು. ಆದರೆ ಪ್ಯಾರಿಸ್ಸಿನ ಜಾರ್ಜ್ ಉರ್ಬೆಂ ಅದೇ ಫಲಿತಾಂಶವನ್ನ 1907ರಲ್ಲಿ ಸ್ವಲ್ಪ ಮುಂಚೆ ಪ್ರಕಟಿಸಿಬಿಟ್ಟಿದ್ದರು. ಯಾರು ಮೊದಲು ಅಂತ ದೊಡ್ಡ ವಾದ ಎದ್ದಿತು. 1909ರಲ್ಲಿ ಅಂತರರಾಷ್ಟ್ರೀಯ ಪರಮಾಣು ತೂಕ ಸಮಿತಿ ಉರ್ಬೆಂ ಪರ ತೀರ್ಪು ಕೊಟ್ಟಿತು. ಆ ಸಮಿತಿಯಲ್ಲಿ ಉರ್ಬೆಂ ಅವರೇ ಒಬ್ಬ ಸದಸ್ಯ! ಲುಟೇಶಿಯಂ ಅನ್ನೋ ಹೆಸರು ಉಳಿಯಿತು. ಜರ್ಮನಿಯ ರಸಾಯನ ತಜ್ಞರು ಮಾತ್ರ ಹಠ ಬಿಡದೆ ಹಲವು ದಶಕ ಕ್ಯಾಸಿಯೋಪಿಯಂ ಅಂತಲೇ ಬರೆದರು.

ಆಮೇಲೆ ತಿಳಿದದ್ದೇನಂದ್ರೆ, ಔವರ್ ಬೇರ್ಪಡಿಸಿದ್ದ ಮಾದರಿಯೇ ಹೆಚ್ಚು ಶುದ್ಧವಾಗಿತ್ತು. ಪೇಪರ್ ಮೊದಲು ಬಂದದ್ದು ಒಬ್ಬರದು, ಕೆಲಸ ಹೆಚ್ಚು ಚೊಕ್ಕವಾಗಿದ್ದದ್ದು ಇನ್ನೊಬ್ಬರದು.

ಅವರು ಇದರಿಂದ ಕಹಿಯಾಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಬೊಹೀಮಿಯಾದ ಯೊಆಹಿಮ್‌ಸ್ಟಾಲ್ ಗಣಿಯ ಯುರೇನಿಯಂ ತ್ಯಾಜ್ಯದಿಂದ ರೇಡಿಯಂ ತೆಗೆಯುವ ಕೆಲಸದಲ್ಲಿ ವಿಯೆನ್ನಾ ಅಕಾಡೆಮಿಗೆ ನೆರವಾದರು. ತಾವು ಶುದ್ಧ ಮಾಡಿದ ರೇರ್ ಅರ್ಥ್ ಮಾದರಿಗಳನ್ನ ಬೇರೆ ದೇಶದ ವಿಜ್ಞಾನಿಗಳಿಗೆ ಕಳಿಸಿಕೊಟ್ಟರು. ಟ್ರೈಬಾಖ್ ಹತ್ತಿರದ ತಮ್ಮ ಮನೆಯಲ್ಲೇ ಲ್ಯಾಬ್ ಇಟ್ಟುಕೊಂಡು ಕೊನೆಯವರೆಗೂ ಕೆಲಸ ಮಾಡಿದರು. 1929ರ ಆಗಸ್ಟ್ 4ರಂದು, 71 ತುಂಬೋಕೆ ಒಂದು ತಿಂಗಳಿಗಿಂತ ಕಡಿಮೆ ಇರುವಾಗ, ತೀರಿಕೊಂಡರು. ಆಗ ನಿಯೋಡಿಮಿಯಂ ಬಳಕೆ ಅಂದ್ರೆ ಹೆಚ್ಚೆಂದರೆ ಗಾಜಿಗೆ ನೇರಳೆ ಬಣ್ಣ ಕೊಡೋದು.

ಅವರು ನೋಡದೇ ಹೋದದ್ದು

1978ರಲ್ಲಿ ಆಫ್ರಿಕಾದ ಜೈರ್ ದೇಶದಲ್ಲಿ ಗಲಭೆ ಆಗಿ ಕೋಬಾಲ್ಟ್ ಬೆಲೆ ಏರಿತು. ಆಗಿನ ಶಕ್ತಿಶಾಲಿ ಮ್ಯಾಗ್ನೆಟ್‌ಗಳಿಗೆ ಸಮೇರಿಯಂ ಮತ್ತು ಕೋಬಾಲ್ಟ್ ಬೇಕಿತ್ತು. ಕೋಬಾಲ್ಟ್ ಇಲ್ಲದ ಮ್ಯಾಗ್ನೆಟ್ ಹುಡುಕಲು ಹೊರಟವರಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ, 1980ರ ದಶಕದ ಮೊದಲ ವರ್ಷಗಳಲ್ಲಿ ಒಂದೇ ಉತ್ತರಕ್ಕೆ ಬಂದರು: ನಿಯೋಡಿಮಿಯಂ, ಕಬ್ಬಿಣ, ಬೋರಾನ್. ಔವರ್ ಅವಳಿ ಬಿಡಿಸಿ ಹೆಚ್ಚೂಕಡಿಮೆ ನೂರು ವರ್ಷ ಆಗಿತ್ತು.

ಗೇರ್‌ಬಾಕ್ಸ್ ಇಲ್ಲದ ಡೈರೆಕ್ಟ್ ಡ್ರೈವ್ ಗಾಳಿಯಂತ್ರಕ್ಕೆ ಒಂದು ಮೆಗಾವ್ಯಾಟ್‌ಗೆ ಸುಮಾರು 600 ಕೆ.ಜಿ. ಇಂಥ ಮ್ಯಾಗ್ನೆಟ್ ಬೇಕು, ಅದರಲ್ಲಿ ಮೂರನೇ ಒಂದು ಭಾಗದಷ್ಟು ರೇರ್ ಅರ್ಥ್. ಎಲೆಕ್ಟ್ರಿಕ್ ಕಾರಿನ ಮೋಟಾರಿಗೆ ಸಾಮಾನ್ಯವಾಗಿ ಒಂದೆರಡು ಕೆ.ಜಿ. ಮ್ಯಾಗ್ನೆಟ್. ಹಾಗಂತ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಎಲ್ಲ ಗಾಳಿಯಂತ್ರಗಳಲ್ಲೂ ಇದು ಇದೆ ಅಂತಲ್ಲ. ಗೇರ್‌ಬಾಕ್ಸ್ ಇಟ್ಟು, ತಾಮ್ರದ ಸುರುಳಿಯಿಂದಲೇ ಕಾಂತಕ್ಷೇತ್ರ ಮಾಡುವ ಜನರೇಟರುಗಳೂ ಇವೆ. ಮ್ಯಾಗ್ನೆಟ್ ದುಬಾರಿಯಾದರೆ ಗೇರ್‌ಬಾಕ್ಸ್, ಸಮುದ್ರದ ನಡುವೆ ಗೇರ್‌ಬಾಕ್ಸ್ ರಿಪೇರಿ ದುಬಾರಿಯಾದರೆ ಮ್ಯಾಗ್ನೆಟ್. ಡಿಸೈನ್ ಮಾಡೋ ಎಂಜಿನಿಯರ್ ಈ ಲೆಕ್ಕ ಹಾಕಲೇಬೇಕು.

ಈಗ ಒಂದು ತಮಾಷೆ ನೋಡಿ. ಔವರ್ ಕಾಲದಲ್ಲಿ ಥೋರಿಯಂ ಸರಕು, ನಿಯೋಡಿಮಿಯಂ ಕಸ. ಈಗ ನಿಯೋಡಿಮಿಯಂ ಸರಕು, ವಿಕಿರಣ ಸೂಸುವ ಥೋರಿಯಂ ತಲೆನೋವಿನ ಕಸ. ಮಲೇಷ್ಯಾದಲ್ಲಿ ರೇರ್ ಅರ್ಥ್ ಕಾರ್ಖಾನೆಗಳ ವಿರುದ್ಧ ಜನ ಬೀದಿಗೆ ಇಳಿದದ್ದು ಈ ಕಸಕ್ಕಾಗಿ. ಭಾರತದಲ್ಲಿ ಅದೇ ಥೋರಿಯಂ ಮುಂದಿನ ಅಣುಶಕ್ತಿಗೆ ಅಂತ ಕಾದಿಟ್ಟ ಆಸ್ತಿ. ಅದಕ್ಕೇ ಮೊನಜೈಟ್ ನಮ್ಮಲ್ಲಿ ಅಣುಶಕ್ತಿ ಕಾನೂನಿನ ಕೆಳಗೆ ಬರುತ್ತೆ. 1950ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಇಂಡಿಯನ್ ರೇರ್ ಅರ್ಥ್ಸ್ ಕೇರಳದ ಆಲುವಾದಲ್ಲಿ ಕಾರ್ಖಾನೆ ಕಟ್ಟಿತು. ಮರಳು ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಮರಳಿನಿಂದ ಮ್ಯಾಗ್ನೆಟ್‌ವರೆಗಿನ ಸರಪಳಿ ದೊಡ್ಡ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಆ ಸರಪಳಿ ಕಟ್ಟಿದ್ದು ಚೀನಾ. ಜಗತ್ತಿನ ರೇರ್ ಅರ್ಥ್ ಗಣಿಗಾರಿಕೆಯಲ್ಲಿ ಸುಮಾರು ಮೂರನೇ ಎರಡು ಪಾಲು ಅದರದು. ಬೇರ್ಪಡಿಸಿ ಶುದ್ಧ ಮಾಡೋದರಲ್ಲಿ ಸುಮಾರು ಶೇ. 90. ಈ ಎರಡು ಅಂಕಿಗಳ ನಡುವಿನ ಅಂತರ ಗಮನಿಸಿ. ಬೇರೆಯವರು ಅಗೆದದ್ದೂ ಬೇರ್ಪಡಿಸೋಕೆ ಅಲ್ಲಿಗೇ ಹೋಗುತ್ತೆ. ಔವರ್ ಬಟ್ಟಲಿನಿಂದ ಬಟ್ಟಲಿಗೆ ಮಾಡಿದ ಕೆಲಸವನ್ನ ಈಗ ದ್ರಾವಕಗಳಿಂದ, ಸಾಲಾಗಿ ನಿಂತ ನೂರಾರು ತೊಟ್ಟಿಗಳಲ್ಲಿ ಮಾಡ್ತಾರೆ. ಕೆಲಸದ ಸ್ವಭಾವ ಮಾತ್ರ ಅದೇ, ಒಂದೊಂದು ತೊಟ್ಟಿಯಲ್ಲಿ ಸ್ವಲ್ಪವೇ ಸ್ವಲ್ಪ ವ್ಯತ್ಯಾಸ.

2010ರಲ್ಲಿ ಚೀನಾ ರಫ್ತು ಮಿತಿ ಬಿಗಿ ಮಾಡಿದಾಗ ಬೆಲೆ ಹಲವು ಪಟ್ಟು ಏರಿ, ಒಂದೆರಡು ವರ್ಷದಲ್ಲೇ ಬಿತ್ತು. ಆ ಏರಿಕೆ ನಂಬಿ ಅಮೆರಿಕದ ಗಣಿಯನ್ನ ಮತ್ತೆ ತೆರೆದಿದ್ದ ಮೋಲಿಕಾರ್ಪ್ ಕಂಪನಿ 2015ರಲ್ಲಿ ದಿವಾಳಿ ಅರ್ಜಿ ಹಾಕಿತು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ರೇರ್ ಅರ್ಥ್‌ಗಳ ರಫ್ತಿಗೆ ಅನುಮತಿ ಕಡ್ಡಾಯ ಮಾಡಿತು. ಮ್ಯಾಗ್ನೆಟ್ ಬರದೆ ನಮ್ಮ ದೇಶದ ವಾಹನ ತಯಾರಕರೂ ಪರದಾಡಿದರು. ಆ ಏಳರಲ್ಲಿ ನಿಯೋಡಿಮಿಯಂ ಇರಲಿಲ್ಲ. ಬಿಸಿಯಾದಾಗ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳದಿರಲಿ ಅಂತ ಸ್ವಲ್ಪ ಸೇರಿಸೋ ಡಿಸ್ಪ್ರೋಸಿಯಂ, ಟರ್ಬಿಯಂ ಇದ್ದವು. ಔವರ್ ಜಗಳ ಸೋತ ಲುಟೇಶಿಯಂ ಕೂಡ ಇತ್ತು.

ಹಾಗಾಗಿ ಯಾರಾದರೂ ನಮ್ಮ ದೇಶದಲ್ಲಿ ಇಷ್ಟು ಲಕ್ಷ ಟನ್ ನಿಕ್ಷೇಪ ಇದೆ, ಇನ್ನೇನು ಚಿಂತೆ ಅಂದ್ರೆ ಮೂರು ಪ್ರಶ್ನೆ ಕೇಳಿ. ಬೇರ್ಪಡಿಸೋರು ಯಾರು? ಉಳಿದ ಧಾತುಗಳಿಗೆ ಗಿರಾಕಿ ಯಾರು? ಬೆಲೆ ಬಿದ್ದ ವರ್ಷ ಕಾರ್ಖಾನೆ ನಡೆಸೋರು ಯಾರು? 1889ರಲ್ಲಿ ಬಾಗಿಲು ಹಾಕಿದ ಔವರ್ ಕಾರ್ಖಾನೆಯ ಮುಂದೆಯೂ ಹೆಚ್ಚೂಕಡಿಮೆ ಇವೇ ಪ್ರಶ್ನೆಗಳಿದ್ದವು.

ಕೊನೆಯದಾಗಿ ಒಂದು ವಿಷಯ. ಅಷ್ಟು ಕಷ್ಟಪಟ್ಟು ಅವರು ಬಿಡಿಸಿದ ಆ ಅವಳಿಗಳು ಈಗ ಏನಾಗಿವೆ ಗೊತ್ತಾ? ಮ್ಯಾಗ್ನೆಟ್ ಮಾಡೋಕೆ ನಿಯೋಡಿಮಿಯಂ ಜೊತೆ ಸ್ವಲ್ಪ ಪ್ರೇಸಿಯೋಡಿಮಿಯಂ ಇದ್ದರೂ ನಡೆಯುತ್ತೆ, ಎರಡನ್ನೂ ಬೇರೆ ಮಾಡೋ ಖರ್ಚು ದಂಡ. ಅದಕ್ಕೇ ಇವತ್ತು ಮಾರುಕಟ್ಟೆಯಲ್ಲಿ ಹೆಚ್ಚಾಗಿ ಮಾರೋದು ಎರಡೂ ಸೇರಿದ ಆಕ್ಸೈಡನ್ನ. ಅಂದ್ರೆ 1841ರಲ್ಲಿ ಮೊಸಾಂಡರ್ ಒಂದೇ ಅಂತ ತಿಳಿದಿದ್ದ ಆ ಹಳೆಯ ಡಿಡಿಮಿಯಂ, ಬೇರೆ ಹೆಸರಲ್ಲಿ ವಾಪಸ್ ಬಂದಿದೆ. ಪಾರ್ಕಿಂಗಿನ ಸ್ಕೂಟರ್ ಮೋಟಾರಿನಲ್ಲೂ ಬಹುಶಃ ಹಸಿರು ಅವಳಿ, ಗುಲಾಬಿ ಅವಳಿ ಎರಡೂ ಜೊತೆಗೇ ತಿರುಗ್ತಾ ಇವೆ.